ವಧೆಗೆ ಮುಂಚಿನ ಗಂಟೆಗಳು ಮತ್ತು ಹಂದಿಮಾಂಸದ ಗುಣ

ತಾಜಾ ಹಂದಿಮಾಂಸದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಈ ನೀರನ್ನು ಮಾಂಸ ಹಿಡಿದಿಟ್ಟುಕೊಂಡರೆ ಬಣ್ಣ ನಸುಗೆಂಪಾಗಿ ಉಳಿಯುತ್ತದೆ, ಮುಟ್ಟಿದರೆ ಬಿಗಿಯಾಗಿರುತ್ತದೆ, ಬೇಯಿಸಿದಾಗ ರಸವತ್ತಾಗಿರುತ್ತದೆ. ಹಿಡಿದಿಟ್ಟುಕೊಳ್ಳದಿದ್ದರೆ ಕತ್ತರಿಸಿದ ತುಂಡಿನ ಕೆಳಗೆ ಗುಲಾಬಿ ಬಣ್ಣದ ನೀರು ಸೋರಿ ನಿಲ್ಲುತ್ತದೆ. ಮಾಂಸ ಬಿಳಿಚಿಕೊಂಡು ಮೆತ್ತಗಾಗುತ್ತದೆ. ಒಲೆಯ ಮೇಲೆ ಇನ್ನಷ್ಟು ನೀರು ಬಿಟ್ಟು ಕುಗ್ಗಿ ನಾರುನಾರಾಗುತ್ತದೆ. ಒಂದೇ ತಳಿಯ, ಒಂದೇ ಗೂಡಿನ, ಒಂದೇ ಮೇವು ತಿಂದ ಎರಡು ಹಂದಿಗಳ ಮಾಂಸ ಹೀಗೆ ಬೇರೆ ಬೇರೆಯಾಗುವುದಕ್ಕೆ ಕಾರಣ ಬಹುಮಟ್ಟಿಗೆ ಅವುಗಳ ಬದುಕಿನ ಕೊನೆಯ ದಿನದಲ್ಲಿರುತ್ತದೆ. ಆರು ತಿಂಗಳು ಜೋಪಾನವಾಗಿ ಬೆಳೆಸಿದ ಪ್ರಾಣಿಯ ಮಾಂಸವನ್ನು ಕೊನೆಯ ಐದು ನಿಮಿಷದ ಒರಟುತನ ಕೆಡಿಸಬಲ್ಲದು.

ಈ ನಷ್ಟವನ್ನು ತಡೆಯಲು ಸಂಶೋಧಕರು ಮೂರು ಕಡೆ ಕೈಹಾಕಿದ್ದಾರೆ: ತಳಿಯ ವಂಶವಾಹಿ, ಪ್ರಾಣಿಯನ್ನು ನಡೆಸಿಕೊಳ್ಳುವ ರೀತಿ, ಮತ್ತು ಮೇವಿಗೆ ಸೇರಿಸುವ ಪೂರಕಗಳು. ಇವುಗಳಲ್ಲಿ ಮೂರನೆಯದಕ್ಕೆ ಮಾರುಕಟ್ಟೆಯಲ್ಲಿ ಹೆಚ್ಚು ಸದ್ದು. ಚೀಲದಲ್ಲಿ ತುಂಬಿ ಮಾರಬಹುದಾದದ್ದು ಅದೊಂದೇ ಎಂಬುದು ಅದಕ್ಕೆ ಒಂದು ಕಾರಣ. ಪೂರಕಗಳಿಂದ ಏನೂ ಉಪಯೋಗವಿಲ್ಲ ಎನ್ನುವಂತಿಲ್ಲ. ಕೆಲವು ನಿಜವಾಗಿ ಕೆಲಸ ಮಾಡುತ್ತವೆ. ಆದರೆ ಅವು ಮಾಡುವ ಕೆಲಸ ಯಾವುದು, ಮಾಡಲಾರದ ಕೆಲಸ ಯಾವುದು ಎಂದು ಬಿಡಿಸಿ ನೋಡಿದರೆ, ಲಾರಿಯಲ್ಲಿ, ಇಳಿಜಾರು ಹಲಗೆಯ ಮೇಲೆ, ವಧಾಗಾರದ ಓಣಿಯಲ್ಲಿ ಆಗುವ ಹಾನಿಯನ್ನು ಮೇವಿನ ತೊಟ್ಟಿಯಲ್ಲಿ ಸರಿಪಡಿಸಲು ಹೊರಡುವುದು ಹಿಂದುಮುಂದಾದ ಕ್ರಮ ಎಂಬುದು ಸ್ಪಷ್ಟವಾಗುತ್ತದೆ.

ಹಾನಿ ಹೇಗಾಗುತ್ತದೆ ಎಂದು ತಿಳಿಯಲು ಸ್ನಾಯುವಿನೊಳಗೆ ಹೋಗಬೇಕು. ಬದುಕಿರುವ ಹಂದಿಯ ಸ್ನಾಯುವಿನ ಪಿಎಚ್ ಸುಮಾರು 7.2. ಅಂದರೆ ಅದು ಹೆಚ್ಚುಕಡಿಮೆ ತಟಸ್ಥ. ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ. ರಕ್ತ ಹರಿದುಹೋಗಿ ಆಮ್ಲಜನಕ ನಿಂತ ಮೇಲೂ ಸ್ನಾಯುವಿನ ಕೋಶಗಳು ಒಮ್ಮೆಲೇ ಸುಮ್ಮನಾಗುವುದಿಲ್ಲ. ಉಳಿದಿರುವ ಗ್ಲೈಕೋಜನ್ ಅನ್ನು ಆಮ್ಲಜನಕವಿಲ್ಲದೆಯೇ ಒಡೆದು ಶಕ್ತಿ ಪಡೆಯುತ್ತವೆ. ಆ ಕ್ರಿಯೆಯಲ್ಲಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲವನ್ನು ಹೊತ್ತೊಯ್ಯಲು ರಕ್ತವಿಲ್ಲದ್ದರಿಂದ ಅದು ಅಲ್ಲೇ ಶೇಖರವಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ 45 ನಿಮಿಷದ ಹೊತ್ತಿಗೆ ಪಿಎಚ್ 6.3ರಿಂದ 6.5ರ ಆಸುಪಾಸಿಗೆ, ಮರುದಿನಕ್ಕೆ 5.5ರಿಂದ 5.7ಕ್ಕೆ ಇಳಿಯುತ್ತದೆ. ಈ ನಿಧಾನದ ಹುಳಿಯೇರಿಕೆ ಒಳ್ಳೆಯದು. ಸ್ನಾಯು ಮಾಂಸವಾಗುವುದೇ ಹೀಗೆ. ಬಣ್ಣ ತಿಳಿಯಾಗುವುದಕ್ಕೂ, ಬ್ಯಾಕ್ಟೀರಿಯಾಗಳ ಓಟ ನಿಧಾನವಾಗುವುದಕ್ಕೂ ಈ ಆಮ್ಲವೇ ಕಾರಣ.

ತೊಂದರೆ ಬರುವುದು ಆಮ್ಲ ಮತ್ತು ಬಿಸಿ ಒಟ್ಟಿಗೆ ಸೇರಿದಾಗ. ವಧೆಯ ಹೊತ್ತಿನಲ್ಲಿ ಹಂದಿಯ ಸ್ನಾಯುವಿನ ಉಷ್ಣತೆ 39 ಡಿಗ್ರಿ ಸೆಲ್ಸಿಯಸ್‌ನ ಸುತ್ತಮುತ್ತ ಇರುತ್ತದೆ. ಬೆದರಿ ಓಡಿದ ಹಂದಿಯಲ್ಲಿ ಇನ್ನೂ ಹೆಚ್ಚು. ದೇಹ ತಣಿಯುವ ಮೊದಲೇ ಪಿಎಚ್ 6ಕ್ಕಿಂತ ಕೆಳಗೆ ಧುಮುಕಿದರೆ ಸ್ನಾಯುವಿನ ಪ್ರೋಟೀನುಗಳು, ಮುಖ್ಯವಾಗಿ ನೀರನ್ನು ಹಿಡಿದಿಡುವ ಮಯೋಸಿನ್, ಮೊಟ್ಟೆಯ ಬಿಳಿಲೋಳೆ ಬಿಸಿಗೆ ಗಟ್ಟಿಯಾಗುವಂತೆ ತಮ್ಮ ಆಕಾರ ಕಳೆದುಕೊಳ್ಳುತ್ತವೆ. ಅಲ್ಲಿಂದ ಮುಂದೆ ಎಷ್ಟು ತಣ್ಣಗಿಟ್ಟರೂ ಅವು ಮೊದಲಿನಂತಾಗುವುದಿಲ್ಲ. ನೀರು ನಾರುಗಳ ನಡುವಿನಿಂದ ಹೊರಗೆ ಜಾರುತ್ತದೆ, ಮೇಲ್ಮೈಗೆ ಬಿದ್ದ ಬೆಳಕು ಹೆಚ್ಚು ಚದುರಿ ಮಾಂಸ ಬಿಳುಪಾಗಿ ಕಾಣುತ್ತದೆ. ಬಿಳಿಚಿದ, ಮೆತ್ತನೆಯ, ನೀರು ಬಿಡುವ ಈ ಮಾಂಸಕ್ಕೆ ಉದ್ಯಮದಲ್ಲಿ ಪಿಎಸ್‌ಇ ಎಂದು ಹೆಸರು. ಬೆನ್ನಿನ ಉದ್ದ ಸ್ನಾಯು ಮತ್ತು ತೊಡೆಯ ಮಾಂಸದಲ್ಲಿ, ಅಂದರೆ ಬೆಲೆ ಹೆಚ್ಚು ಸಿಗುವ ಭಾಗಗಳಲ್ಲೇ, ಇದು ಹೆಚ್ಚು. ಇದನ್ನು ಅಳೆಯುವ ವಿಧಾನ ಸರಳ: ಬೆನ್ನಿನ ಮಾಂಸದ ಒಂದು ತುಂಡನ್ನು ತೂಗಿ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಬದಿಗೆ ತಾಗದಂತೆ ತೂಗುಹಾಕಿ, 4 ಡಿಗ್ರಿಯಲ್ಲಿ ಒಂದೆರಡು ದಿನ ಬಿಟ್ಟು ಮತ್ತೆ ತೂಗುತ್ತಾರೆ. ತೂಕದಲ್ಲಿ ಶೇ. 5ಕ್ಕಿಂತ ಹೆಚ್ಚು ಚೀಲದ ತಳಕ್ಕೆ ಸೋರಿದ್ದರೆ ಮಾಂಸದಲ್ಲಿ ದೋಷವಿದೆ ಎಂದು ಲೆಕ್ಕ.

ಇದಕ್ಕೆ ಸರಿಯಾಗಿ ವಿರುದ್ಧವಾದ ಇನ್ನೊಂದು ದೋಷವಿದೆ. ದೂರದ ಪಯಣ, ಹಸಿವು, ರಾತ್ರಿಯಿಡೀ ಜಗಳ ಇವುಗಳಿಂದ ಹಂದಿಯ ಗ್ಲೈಕೋಜನ್ ದಾಸ್ತಾನು ವಧೆಗೆ ಮೊದಲೇ ಖಾಲಿಯಾಗಿಬಿಟ್ಟಿದ್ದರೆ, ಸತ್ತ ಮೇಲೆ ಆಮ್ಲ ಹುಟ್ಟಲು ಕಚ್ಚಾವಸ್ತುವೇ ಇರುವುದಿಲ್ಲ. ಮರುದಿನವೂ ಪಿಎಚ್ 6ರ ಮೇಲೆಯೇ ನಿಲ್ಲುತ್ತದೆ. ಮಾಂಸ ಕಪ್ಪುಗೆಂಪಾಗಿ, ಗಟ್ಟಿಯಾಗಿ, ಮೇಲ್ಮೈ ಒಣಒಣಗಿ ಕಾಣುತ್ತದೆ. ನೀರೇನೋ ಸೋರುವುದಿಲ್ಲ, ಆದರೆ ಆಮ್ಲದ ತಡೆಯಿಲ್ಲದೆ ಬ್ಯಾಕ್ಟೀರಿಯಾಗಳು ಬೇಗ ಹೆಚ್ಚುತ್ತವೆ. ತಿನ್ನಲು ಗ್ಲೂಕೋಸ್ ಸಿಗದ ಅವು ನೇರವಾಗಿ ಅಮೈನೊ ಆಮ್ಲಗಳಿಗೇ ಬಾಯಿಹಾಕುವುದರಿಂದ ಕೆಟ್ಟ ವಾಸನೆ ಬೇಗ ಬರುತ್ತದೆ.

ಹಾಗಾಗಿ ‘ಒತ್ತಡದಿಂದ ಮಾಂಸ ಕೆಡುತ್ತದೆ’ ಎಂಬ ಮಾತು ನಿಜವಾದರೂ ಅರ್ಧ ಮಾತು. ಒತ್ತಡ ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಕೆಡುವ ಬಗೆಯೇ ಬೇರೆಯಾಗುತ್ತದೆ. ಹಿಂದಿನ ಸಂಜೆಯಿಂದ ಬೆಳಗಿನವರೆಗೆ ಎಳೆದಾಡಿದ ದಣಿವು ದಾಸ್ತಾನನ್ನು ಬರಿದು ಮಾಡಿ ಕಪ್ಪು ಮಾಂಸ ಕೊಡುತ್ತದೆ. ಪ್ರಜ್ಞೆ ತಪ್ಪಿಸುವ ಮುಂಚಿನ ಕೆಲವೇ ನಿಮಿಷಗಳ ಗಾಬರಿ ದಾಸ್ತಾನನ್ನು ಮುಗಿಸುವಷ್ಟು ಕಾಲ ಇರುವುದಿಲ್ಲ. ಬದಲಿಗೆ ಅಡ್ರಿನಲಿನ್ ಹರಿದು ಗ್ಲೈಕೋಜನ್ ಒಡೆಯುವ ಯಂತ್ರವನ್ನು ಪೂರ್ಣವೇಗಕ್ಕೆ ತಿರುಗಿಸಿಬಿಡುತ್ತದೆ, ಮೈ ಬಿಸಿಯೇರುತ್ತದೆ, ಅದೇ ವೇಗದಲ್ಲಿರುವಾಗ ಪ್ರಾಣಿ ಸಾಯುತ್ತದೆ. ಬಿಳಿಚಿದ ಮಾಂಸ ಹುಟ್ಟುವುದು ಅಲ್ಲಿ. ಪೂರಕಗಳ ಬಗೆಗಿನ ಗೊಂದಲಕ್ಕೆ ಬಹುಪಾಲು ಕಾರಣ ಈ ವ್ಯತ್ಯಾಸವನ್ನು ಗಮನಿಸದಿರುವುದು. ಗ್ಲೈಕೋಜನ್ ಹೆಚ್ಚಿಸುವ ಮೇವು ಒಂದು ದೋಷಕ್ಕೆ ಔಷಧವಾದರೆ ಇನ್ನೊಂದಕ್ಕೆ ಗೊಬ್ಬರವಾಗುತ್ತದೆ.

ಬಿಳಿಚಿದ ಮಾಂಸವನ್ನು ವೈಜ್ಞಾನಿಕವಾಗಿ ಮೊದಲು ವಿವರಿಸಿದವರಲ್ಲಿ ಪ್ರಮುಖರು ಡೆನ್ಮಾರ್ಕಿನ ಯೋರ್ಗನ್ ಲುಡ್ವಿಗ್‌ಸನ್. 1950ರ ದಶಕದ ಮೊದಲರ್ಧದಲ್ಲಿ ಅವರು ಇದನ್ನು ಸ್ನಾಯುಗಳ ಕ್ಷಯವೆಂದು ಕರೆದರು. ಯುರೋಪು ಮತ್ತು ಅಮೆರಿಕದಲ್ಲಿ ಕೊಬ್ಬು ಕಡಿಮೆಯಿರುವ, ಮಾಂಸ ತುಂಬಿದ ಹಂದಿಗೆ ಬೇಡಿಕೆ ಏರಿದ್ದ ಕಾಲ ಅದು. ಬೆಲ್ಜಿಯಂನ ಪಿಯೆಟ್ರೇನ್, ಕೆಲವು ಲ್ಯಾಂಡ್‌ರೇಸ್ ಸಾಲುಗಳು ದಪ್ಪ ತೊಡೆಗೆ ಹೆಸರಾದವು. ಜೊತೆಗೆ ಲಾರಿಯಲ್ಲೇ ಕುಸಿದು ಸಾಯುವುದಕ್ಕೂ ಹೆಸರಾದವು. 1974ರಲ್ಲಿ ನೆದರ್ಲೆಂಡ್ಸ್‌ನ ಐಕೆಲನ್‌ಬೋಮ್ ಮತ್ತು ಮಿಂಕೆಮಾ ಒಂದು ಪರೀಕ್ಷೆ ತೋರಿಸಿಕೊಟ್ಟರು. ಎಳೆಯ ಹಂದಿಗೆ ಕೆಲವು ನಿಮಿಷ ಹ್ಯಾಲೋಥೇನ್ ಎಂಬ ಅರಿವಳಿಕೆ ಅನಿಲ ಉಸಿರಾಡಿಸಿದರೆ, ಸಾಧಾರಣ ಹಂದಿ ಸಡಿಲವಾಗಿ ಮಲಗುತ್ತದೆ. ಒತ್ತಡಕ್ಕೆ ಬೇಗ ತುತ್ತಾಗುವ ಹಂದಿಯ ಹಿಂಗಾಲುಗಳು ಕಂಬದಂತೆ ಸೆಟೆಯುತ್ತವೆ. 1991ರಲ್ಲಿ ಕೆನಡಾದ ಡೇವಿಡ್ ಮೆಕ್ಲೆನನ್ ಮತ್ತು ಸಂಗಡಿಗರು ಇದರ ಮೂಲವನ್ನೇ ಹಿಡಿದರು: ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ಬಿಡುವ ಬಾಗಿಲಿನಂಥ ಪ್ರೋಟೀನಿನ 615ನೆಯ ಸ್ಥಾನದಲ್ಲಿ ಆರ್ಜಿನಿನ್ ಬದಲು ಸಿಸ್ಟೀನ್ ಕುಳಿತಿದೆ. ಆ ಒಂದು ಬದಲಾವಣೆಯಿಂದ ಬಾಗಿಲು ಸುಲಭವಾಗಿ ತೆರೆದು, ಬೇಗ ಮುಚ್ಚದೆ, ಕ್ಯಾಲ್ಸಿಯಂ ಸುರಿಯುತ್ತದೆ. ಸ್ನಾಯು ಸೆಟೆಯುತ್ತದೆ, ಬಿಸಿಯಾಗುತ್ತದೆ, ಗ್ಲೈಕೋಜನ್ ಉರಿಯುತ್ತದೆ.

ಅಂದಿನಿಂದ ಒಂದು ಹನಿ ರಕ್ತದ ಡಿಎನ್‌ಎ ಪರೀಕ್ಷೆಯಿಂದ ಈ ಹ್ಯಾಲೋಥೇನ್ ವಂಶವಾಹಿ ಹೊತ್ತ ಹಂದಿಗಳನ್ನು ಗುರುತಿಸಿ ತಳಿ ಹಿಂಡಿನಿಂದ ತೆಗೆಯಲು ಸಾಧ್ಯವಾಯಿತು. ಡೆನ್ಮಾರ್ಕ್, ಕೆನಡಾ ಮುಂತಾದ ದೇಶಗಳು ಹಾಗೆ ಮಾಡಿದವು. ಲಾರಿಯಲ್ಲಿ ಸಾಯುವ ಹಂದಿಗಳು ಕಡಿಮೆಯಾದವು, ಮಾಂಸ ಸುಧಾರಿಸಿತು. ಹ್ಯಾಂಪ್‌ಷೈರ್ ತಳಿಯ ಇನ್ನೊಂದು ವಂಶವಾಹಿಯನ್ನು 2000ದಲ್ಲಿ ಗುರುತಿಸಲಾಯಿತು. ಅದು ಸ್ನಾಯುವಿನಲ್ಲಿ ಗ್ಲೈಕೋಜನ್ ಅನ್ನು ಅತಿಯಾಗಿ ತುಂಬಿ ಮಾಂಸವನ್ನು ಹುಳಿಯಾಗಿಸುತ್ತದೆ. ಅದನ್ನೂ ತಳಿ ಆಯ್ಕೆಯಿಂದ ಹೊರಗಿಡಬಹುದು. ಇದೊಂದು ದೊಡ್ಡ ಗೆಲುವು. ಒಮ್ಮೆ ಮಾಡಿದರೆ ಮತ್ತೆ ಮತ್ತೆ ಖರ್ಚಿಲ್ಲದ ಪರಿಹಾರ. ಆದರೆ ದೋಷದ ವಂಶವಾಹಿ ಇಲ್ಲದ ಹಿಂಡುಗಳಲ್ಲೂ ಬಿಳಿಚಿದ ಮಾಂಸ ಪೂರ್ತಿ ಮಾಯವಾಗಲಿಲ್ಲ. ಆರೋಗ್ಯವಂತ ಹಂದಿಯನ್ನೂ ಸಾಕಷ್ಟು ಬೆದರಿಸಿದರೆ ಅದೇ ಫಲ ಸಿಗುತ್ತದೆ ಎಂಬುದು ಅದರಿಂದ ಖಚಿತವಾಯಿತು. ಉಳಿದದ್ದು ನಡೆಸಿಕೊಳ್ಳುವ ರೀತಿ ಮತ್ತು ಮೇವು.

ಮೇವಿನ ಪೂರಕಗಳಲ್ಲಿ ಒತ್ತಡದ ಜೊತೆ ನೇರ ಸಂಬಂಧವಿರುವುದು ಮೆಗ್ನೀಸಿಯಂ. ಅದರ ತರ್ಕ ಅರ್ಥವಾಗುವಂಥದ್ದೇ. ನರದಿಂದ ಸ್ನಾಯುವಿಗೆ ಸಂಕೇತ ದಾಟುವ ಜಾಗದಲ್ಲಿ ಮೆಗ್ನೀಸಿಯಂ ಕ್ಯಾಲ್ಸಿಯಂನ ಎದುರಾಳಿ. ಅಡ್ರಿನಲಿನ್ ವರ್ಗದ ಹಾರ್ಮೋನುಗಳು ಬಿಡುಗಡೆಯಾಗುವುದನ್ನೂ ತಗ್ಗಿಸುತ್ತದೆ. ಆಸ್ಟ್ರೇಲಿಯದಲ್ಲಿ ಡಿಸೋಜಾ ಮತ್ತು ಸಹೋದ್ಯೋಗಿಗಳು 1998ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಈ ವಿಷಯದಲ್ಲಿ ಎಲ್ಲರೂ ಉದಾಹರಿಸುತ್ತಾರೆ. ವಧೆಗೆ ಮುಂಚಿನ ಐದು ದಿನ ಹಂದಿಯೊಂದಕ್ಕೆ ದಿನಕ್ಕೆ 40 ಗ್ರಾಂ ಮೆಗ್ನೀಸಿಯಂ ಆಸ್ಪಾರ್ಟೇಟ್ ಮೇವಿನಲ್ಲಿ ಕೊಡಲಾಯಿತು. ಕೆಲವು ಹಂದಿಗಳನ್ನು ನಯವಾಗಿ ನಡೆಸಿದರು. ಕೆಲವನ್ನು ಬೇಕೆಂದೇ ವಿದ್ಯುತ್ ಕೋಲಿನಿಂದ ಚುಚ್ಚಿ ಓಡಿಸಿದರು. ಮೆಗ್ನೀಸಿಯಂ ತಿಂದವುಗಳ ರಕ್ತದಲ್ಲಿ ನಾರ್‌ಅಡ್ರಿನಲಿನ್ ಕಡಿಮೆ ಇತ್ತು, ಮಾಂಸದಿಂದ ನೀರು ಸೋರುವುದು ತಗ್ಗಿತು, ಬಿಳಿಚಿದ ಮಾಂಸ ಕಡಿಮೆಯಾಯಿತು. ಅದೇ ಪ್ರಯೋಗದ ಇನ್ನೊಂದು ಫಲಿತಾಂಶವನ್ನು ಮಾತ್ರ ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ: ಕೋಲು ತಾಕಿದ ಹಂದಿಗಳ ಮಾಂಸ ನಯವಾಗಿ ನಡೆಸಿದವುಗಳಿಗಿಂತ ಕೆಟ್ಟದಾಗಿತ್ತು. ಪುಡಿಯಿಂದ ಸಿಕ್ಕಿದ್ದನ್ನು ಕೋಲಿನಿಂದ ಕಳೆದುಕೊಳ್ಳಬಹುದು.

ಮುಂದೆ ಅಗ್ಗದ ಮೆಗ್ನೀಸಿಯಂ ಸಲ್ಫೇಟ್, ಕ್ಲೋರೈಡ್‌ಗಳನ್ನೂ ಪ್ರಯತ್ನಿಸಲಾಯಿತು. ಕೆಲವು ಪ್ರಯೋಗಗಳಲ್ಲಿ ಒಳ್ಳೆಯ ಫಲ ಬಂತು, ಕೆಲವಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ತಳಿ ಬೇರೆ, ಪ್ರಮಾಣ ಬೇರೆ, ಕೊಟ್ಟ ದಿನಗಳು ಬೇರೆ ಎಂಬ ವಿವರಣೆ ಸಾಮಾನ್ಯವಾಗಿ ಸಿಗುತ್ತದೆ. ಅದಕ್ಕಿಂತ ಸರಳವಾದ ವಿವರಣೆಯೂ ಸಾಧ್ಯ: ಹಂದಿಗಳನ್ನು ಈಗಾಗಲೇ ಶಾಂತವಾಗಿ ನಡೆಸಿಕೊಳ್ಳುವ ಕಡೆ ಮೆಗ್ನೀಸಿಯಂ ಸರಿಪಡಿಸಬೇಕಾದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಪ್ರಮಾಣ ಹೆಚ್ಚಿದರೆ ಸಗಣಿ ತೆಳ್ಳಗಾಗುತ್ತದೆ, ಮೇವು ಕಹಿಯಾಗಿ ಹಂದಿ ತಿನ್ನುವುದು ಕಡಿಮೆಯಾಗುತ್ತದೆ. ಹಾಗಾಗಿ ಮೆಗ್ನೀಸಿಯಂ ಒಂದು ಊರುಗೋಲು. ಬೇಕಾದಾಗ ಹಿಡಿಯಬಹುದು, ಅದನ್ನೇ ಕಾಲು ಎಂದುಕೊಳ್ಳುವಂತಿಲ್ಲ.

ಟ್ರಿಪ್ಟೊಫ್ಯಾನ್ ಇನ್ನೊಂದು. ಮೆದುಳಿನಲ್ಲಿ ಸೆರೊಟೋನಿನ್ ತಯಾರಾಗುವುದು ಈ ಅಮೈನೊ ಆಮ್ಲದಿಂದ. ಸೆರೊಟೋನಿನ್ ಹೆಚ್ಚಿದರೆ ಹಂದಿಗಳು ಕಚ್ಚಾಡುವುದು ಕಡಿಮೆಯಾಗುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಮೆದುಳಿನ ಗಡಿ ದಾಟಲು ಟ್ರಿಪ್ಟೊಫ್ಯಾನ್ ಇತರ ದೊಡ್ಡ ಅಮೈನೊ ಆಮ್ಲಗಳ ಜೊತೆ ಪೈಪೋಟಿ ನಡೆಸಬೇಕಾದ್ದರಿಂದ, ಪ್ರೋಟೀನ್ ಹೇರಳವಾಗಿರುವ ಮೇವಿಗೆ ಸ್ವಲ್ಪ ಸೇರಿಸಿದರೆ ಪ್ರಯೋಜನ ಕಡಿಮೆ. ನಡವಳಿಕೆಯಲ್ಲಿ ಕಂಡ ಶಾಂತಿ ಮಾಂಸದಲ್ಲಿ ಪ್ರತಿ ಸಲವೂ ಕಾಣಿಸಿಕೊಂಡಿಲ್ಲ.

ಸಕ್ಕರೆಯ ಕಥೆ ಹಳೆಯದು. ಬೇಕನ್ ಕೆಡುವುದನ್ನು ತಡೆಯಲು ದಣಿದ ಹಂದಿಗಳಿಗೆ ವಧೆಗೆ ಮುನ್ನ ಸಕ್ಕರೆ ಕೊಟ್ಟು ಗ್ಲೈಕೋಜನ್ ತುಂಬುವ ಪ್ರಯೋಗಗಳು ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೇ ನಡೆದಿದ್ದವು. ಕಪ್ಪು ಮಾಂಸಕ್ಕೆ ಅದು ತಕ್ಕ ಮದ್ದು. ನಂತರ ಡೆನ್ಮಾರ್ಕಿನಲ್ಲಿ ಕಾಟ್ಯಾ ರೋಸನ್‌ವೋಲ್ಡ್ ಮತ್ತು ಸಂಗಡಿಗರು ತದ್ವಿರುದ್ಧ ದಾರಿ ಹಿಡಿದರು: ಕೊನೆಯ ಕೆಲವು ವಾರ ಸುಲಭವಾಗಿ ಜೀರ್ಣವಾಗುವ ಪಿಷ್ಟ ಕಡಿಮೆಯಿರುವ ಮೇವು ಕೊಟ್ಟು ಸ್ನಾಯುವಿನ ಗ್ಲೈಕೋಜನ್ ಅನ್ನೇ ತಗ್ಗಿಸಿದರು. ಎರಡೂ ಸರಿ, ಎರಡೂ ಬೇರೆ ಬೇರೆ ರೋಗಕ್ಕೆ. ಯಾವ ರೋಗವಿದೆ ಎಂದು ನೋಡದೆ ಕೊಟ್ಟರೆ ಎರಡೂ ತಪ್ಪು.

ವಿಟಮಿನ್ ಇ ಈ ಸಾಲಿನಲ್ಲಿ ಬೇರೆಯೇ ಜಾತಿ. ಅದು ಒತ್ತಡವನ್ನು ಇಳಿಸಲು ಹೊರಟಿದ್ದಲ್ಲ. ಕೋಶಗಳ ಪೊರೆಯಲ್ಲಿ ಕುಳಿತು ಕೊಬ್ಬು ಆಮ್ಲಜನಕದ ಜೊತೆ ಸೇರಿ ಕಮಟಾಗುವುದನ್ನು ತಡೆಯುತ್ತದೆ. ಬೆಳವಣಿಗೆಗೆ ಬೇಕಾಗುವ ಪ್ರಮಾಣ ಕಿಲೋ ಮೇವಿಗೆ ಹತ್ತು ಹನ್ನೊಂದು ಯೂನಿಟ್‌ನಷ್ಟಾದರೆ, ಮಾಂಸದ ಬಾಳಿಕೆಗಾಗಿ ಕೊಡುವುದು 100ರಿಂದ 200 ಮಿಲಿಗ್ರಾಂ, ಅದೂ ಕೊನೆಯ ಹಲವು ವಾರ. ಪೊರೆಗಳಲ್ಲಿ ಶೇಖರವಾಗಲು ಅಷ್ಟು ಕಾಲ ಬೇಕು. ನೀರು ಸೋರುವುದರ ಮೇಲೆ ಅದರ ಪರಿಣಾಮ ಕೆಲವು ಪ್ರಯೋಗಗಳಲ್ಲಿ ಕಂಡಿದೆ, ಕೆಲವಲ್ಲಿ ಇಲ್ಲ. ಕಮಟು ತಡೆಯುವ ವಿಷಯದಲ್ಲಿ ಮಾತ್ರ ಫಲಿತಾಂಶಗಳು ಒಂದೇ ದಿಕ್ಕಿಗೆ ಬೆರಳು ತೋರುತ್ತವೆ. ಎಷ್ಟು ಚೆನ್ನಾಗಿ ನಡೆಸಿಕೊಂಡ ಹಂದಿಯ ಮಾಂಸವೂ ಶೀತಲ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇದ್ದರೆ ಕಮಟಾಗುತ್ತದೆ. ಅಲ್ಲಿ ಒಳ್ಳೆಯ ಲಾರಿ ಚಾಲಕ ಏನೂ ಮಾಡಲಾರ, ವಿಟಮಿನ್ ಇ ಮಾಡಬಲ್ಲದು. ಪೂರಕವೊಂದು ತನ್ನ ಜಾಗದಲ್ಲಿ ನಿಂತಿರುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಎಚ್ಚರಿಕೆಯ ಉದಾಹರಣೆ ರಾಕ್ಟೊಪಮೈನ್. ಹೆಚ್ಚು ಮಾಂಸ, ಕಡಿಮೆ ಕೊಬ್ಬು ಬರಲೆಂದು ಕೊನೆಯ ವಾರಗಳಲ್ಲಿ ಮೇವಿಗೆ ಸೇರಿಸುವ ಈ ಔಷಧಕ್ಕೆ ಅಮೆರಿಕ 1999ರಲ್ಲಿ ಅನುಮತಿ ಕೊಟ್ಟಿತು; ಯುರೋಪಿಯನ್ ಒಕ್ಕೂಟ, ಚೀನಾ, ರಷ್ಯಾ ನಿಷೇಧಿಸಿವೆ. ಮಾಂಸದಲ್ಲಿ ಉಳಿಯಬಹುದಾದ ಅಂಶಕ್ಕೆ ಮಿತಿ ಗೊತ್ತುಮಾಡುವ ಪ್ರಶ್ನೆ ಅಂತಾರಾಷ್ಟ್ರೀಯ ಆಹಾರ ಸಂಹಿತೆಯ ಆಯೋಗದಲ್ಲಿ 2012ರಲ್ಲಿ ಮತಕ್ಕೆ ಬಂದು 69–67ರಲ್ಲಿ ಮಿತಿ ಅಂಗೀಕಾರವಾಯಿತು. ಮನುಷ್ಯರ ಆರೋಗ್ಯದ ಆ ವಾದವನ್ನು ಬದಿಗಿಟ್ಟರೂ ಇಲ್ಲಿನ ಚರ್ಚೆಗೆ ಬೇಕಾದ ಸಂಗತಿ ಒಂದಿದೆ. ಇದು ಅಡ್ರಿನಲಿನ್ ಕೆಲಸ ಮಾಡುವ ಗ್ರಾಹಕಗಳನ್ನೇ ತಟ್ಟುವ ಪದಾರ್ಥ. ಇದನ್ನು ತಿಂದ ಹಂದಿಗಳು ಹೆಚ್ಚು ಬೆದರುತ್ತವೆ, ಅವುಗಳನ್ನು ಅಟ್ಟುವುದು ಕಷ್ಟ, ಹೃದಯದ ಬಡಿತ ಹೆಚ್ಚು ಎಂದು ಅಮೆರಿಕದಲ್ಲೇ ನಡೆದ ಅಧ್ಯಯನಗಳು ಹೇಳಿದವು. ಏಳಲಾರದೆ ಕುಸಿದು ಬೀಳುವ ಅಪಾಯ ಹೆಚ್ಚೆಂಬ ಎಚ್ಚರಿಕೆ ಅದರ ಲೇಬಲ್ಲಿನ ಮೇಲೆಯೇ ಬಂತು. ತೂಕ ಹೆಚ್ಚಿಸುವ ಪೂರಕ ಒಂದು ಕೈಯಲ್ಲಿ, ಅದು ತಂದ ಗಾಬರಿಯನ್ನು ಇಳಿಸುವ ಪೂರಕ ಇನ್ನೊಂದು ಕೈಯಲ್ಲಿ ಮಾರುವ ಸ್ಥಿತಿಗೆ ಉದ್ಯಮ ಬರಬಾರದು.

ಈಗ ಒತ್ತಡ ನಿಜವಾಗಿ ಹುಟ್ಟುವ ಜಾಗಗಳಿಗೆ ಬರಬಹುದು. ಮೊದಲನೆಯದು ಬೇರೆ ಬೇರೆ ಗೂಡಿನ ಹಂದಿಗಳನ್ನು ಒಟ್ಟು ಸೇರಿಸುವುದು. ಹಂದಿಗಳು ತಮ್ಮೊಳಗೆ ಮೇಲುಕೀಳು ಗೊತ್ತುಮಾಡಿಕೊಂಡು ಬದುಕುವ ಪ್ರಾಣಿಗಳು. ಅಪರಿಚಿತರು ಸೇರಿದ ಕೂಡಲೇ ಆ ಲೆಕ್ಕಾಚಾರ ಮೊದಲಿಂದ ಆಗಬೇಕು, ಅದು ಹಲ್ಲಿನಿಂದಲೇ ಆಗುತ್ತದೆ. ವಧೆಯ ನಂತರ ಬಿಸಿನೀರಿನಲ್ಲಿ ಕೂದಲು ತೆಗೆದ ಚರ್ಮ ಈ ಕಥೆಯನ್ನು ಓದಿ ಹೇಳುತ್ತದೆ. ಭುಜ, ಕತ್ತಿನ ಮೇಲೆ ಅಲ್ಪವಿರಾಮದಂತೆ ಬಾಗಿದ, ಬೆರಳುದ್ದದ ಗುರುತುಗಳು ತುಂಬಿದ್ದರೆ ಅವು ಕಚ್ಚಾಟದವು. ಬೆನ್ನಿನ ಮೇಲೆ ಉದ್ದುದ್ದ ಗೀರುಗಳಿದ್ದರೆ ಇಕ್ಕಟ್ಟಿನಲ್ಲಿ ಒಂದರ ಮೇಲೊಂದು ಏರಿದಾಗ ಗೊರಸು ತಾಗಿದ್ದು. ಕೋಲಿನ ಏಟು ಜೋಡಿ ಗೆರೆಯಾಗಿ ಮೂಡುತ್ತದೆ. ಪಳಗಿದ ಪರೀಕ್ಷಕ ಒಂದು ಚರ್ಮ ನೋಡಿ ತಪ್ಪು ಸಾಕಣೆದಾರನದೋ, ಸಾಗಣೆಯದೋ, ವಧಾಗಾರದ್ದೋ ಹೇಳಬಲ್ಲ. ಒಂದು ಗೂಡಿನ ಹಂದಿಗಳನ್ನು ಲಾರಿಯಲ್ಲೂ, ತಂಗುದೊಡ್ಡಿಯಲ್ಲೂ ಒಟ್ಟಿಗೇ ಇಟ್ಟರೆ ಈ ಗುರುತುಗಳಲ್ಲಿ ಬಹುಪಾಲು ಮೂಡುವುದೇ ಇಲ್ಲ. ಅದಕ್ಕೆ ಬೇಕಾದದ್ದು ಕೆಲವು ಅಡ್ಡಗೇಟುಗಳು.

ಎರಡನೆಯದು ಲಾರಿ ಹತ್ತಿಸುವುದು. ಸಮತಟ್ಟಾದ ನೆಲದಲ್ಲೇ ಬೆಳೆದ ನೂರು ಕಿಲೋ ತೂಕದ ಹಂದಿಗೆ ಕಡಿದಾದ ಹಲಗೆ ಏರುವುದು ದೊಡ್ಡ ಶ್ರಮ; ಹೃದಯದ ಬಡಿತ ಇಡೀ ಪಯಣಕ್ಕಿಂತ ಅಲ್ಲೇ ಹೆಚ್ಚು ಏರುತ್ತದೆ. ಯುರೋಪಿಯನ್ ಒಕ್ಕೂಟದ 2005ರ ಸಾಗಣೆ ನಿಯಮ ಹಂದಿಗಳಿಗೆ ಹಲಗೆಯ ಇಳಿಜಾರು 20 ಡಿಗ್ರಿ ಮೀರಬಾರದೆನ್ನುತ್ತದೆ. ನೂರು ಕಿಲೋ ಆಸುಪಾಸಿನ ಹಂದಿಗಳನ್ನು ಚದರ ಮೀಟರಿಗೆ 235 ಕಿಲೋಗಿಂತ ಹೆಚ್ಚು ತುಂಬಬಾರದೆನ್ನುತ್ತದೆ. ವಿದ್ಯುತ್ ಕೋಲನ್ನು ಬಳಸಲೇಬೇಕಾದರೆ ಮುಂದೆ ಹೋಗಲು ಜಾಗವಿರುವ, ಆದರೂ ಕದಲದ ದೊಡ್ಡ ಪ್ರಾಣಿಯ ಹಿಂಭಾಗದ ಸ್ನಾಯುವಿಗೆ ಮಾತ್ರ, ಒಂದು ಸೆಕೆಂಡ್ ಮೀರದಂತೆ ಎಂದು ಕಟ್ಟುಪಾಡು ಹಾಕುತ್ತದೆ. ಹಂದಿಗೆ ಕೆಲಸಕ್ಕೆ ಬರುವಂಥ ಬೆವರುಗ್ರಂಥಿಗಳಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ನಿಂತ ಲಾರಿಯಲ್ಲಿ ಗಾಳಿ ಆಡದಿದ್ದರೆ ಅದರ ಮೈ ಕಾಯುತ್ತಲೇ ಹೋಗುತ್ತದೆ.

ಮೂರನೆಯದು ಹಸಿವು ಮತ್ತು ವಿಶ್ರಾಂತಿಯ ಅಳತೆ. ಹೊಟ್ಟೆ ತುಂಬಿದ ಹಂದಿ ಲಾರಿಯಲ್ಲಿ ವಾಂತಿ ಮಾಡುತ್ತದೆ, ಸಾಯುವ ಸಾಧ್ಯತೆಯೂ ಹೆಚ್ಚು, ಕರುಳು ತೆಗೆಯುವಾಗ ಹರಿದು ಮಾಂಸ ಕೊಳೆಯಾಗುತ್ತದೆ. ಅದಕ್ಕಾಗಿ ವಧೆಗೆ 12ರಿಂದ 18 ಗಂಟೆ ಮುಂಚೆ ಮೇವು ನಿಲ್ಲಿಸಿ ನೀರು ಮಾತ್ರ ಕೊಡುವುದು ಒಳ್ಳೆಯ ಪದ್ಧತಿ. ಇಳಿಸಿದ ಮೇಲೆ ಎರಡು ಮೂರು ಗಂಟೆ ತಂಗಲು ಬಿಟ್ಟು, ಸೆಕೆಯಿದ್ದರೆ ತುಂತುರು ನೀರು ಹಾಯಿಸಿದರೆ ಏರಿದ ಉಷ್ಣತೆ ಇಳಿಯುತ್ತದೆ. ರಾತ್ರಿಯಿಡೀ ಕೂಡಿಟ್ಟರೆ ಹಸಿವು, ಜಗಳ ಹೆಚ್ಚಿ ದಾಸ್ತಾನು ಖಾಲಿಯಾಗುತ್ತದೆ.

ಎಲ್ಲಕ್ಕಿಂತ ನಿರ್ಣಾಯಕವಾದದ್ದು ಕೊನೆಯ ಓಣಿ. ತಂಗುದೊಡ್ಡಿಯಿಂದ ಪ್ರಜ್ಞೆ ತಪ್ಪಿಸುವ ಜಾಗಕ್ಕೆ ಹಂದಿಗಳನ್ನು ಒಂದರ ಹಿಂದೊಂದು ಸಾಲಾಗಿ ನೂಕುವ ಪದ್ಧತಿ ಹೆಚ್ಚಿನ ಕಡೆ ಬಹುಕಾಲ ನಡೆಯಿತು. ಹಂದಿ ಸ್ವಭಾವತಃ ಸಾಲಿನಲ್ಲಿ ಹೋಗುವ ಪ್ರಾಣಿಯಲ್ಲ. ಗುಂಪಾಗಿ, ಪಕ್ಕಪಕ್ಕದಲ್ಲಿ ಮೈ ತಾಗಿಸಿಕೊಂಡು ನಡೆಯುತ್ತದೆ. ಅಮೆರಿಕದ ಟೆಂಪಲ್ ಗ್ರಾಂಡಿನ್ ವಧಾಗಾರಗಳಲ್ಲಿ ಪ್ರಾಣಿಯ ಕಣ್ಣಿನ ಎತ್ತರಕ್ಕೆ ಬಾಗಿ ಓಣಿಗಳಲ್ಲಿ ಓಡಾಡಿ, ಅವು ಎಲ್ಲಿ, ಯಾಕೆ ನಿಲ್ಲುತ್ತವೆ ಎಂದು ಗುರುತಿಸಿದರು. ಒದ್ದೆ ನೆಲದಲ್ಲಿ ಹೊಳೆಯುವ ದೀಪದ ಪ್ರತಿಬಿಂಬ, ತೂಗಾಡುವ ಸರಪಣಿ, ಎದುರಿನಿಂದ ಮುಖಕ್ಕೆ ಬೀಸುವ ಗಾಳಿ, ಕತ್ತಲ ಬಾಗಿಲು, ಗೇಟಿನ ಮೇಲೆ ನೇತುಹಾಕಿದ ಅಂಗಿ — ಕೆಲಸಗಾರನ ಕಣ್ಣಿಗೆ ಬೀಳದ ಇಂಥವುಗಳ ಮುಂದೆ ಹಂದಿ ಗಕ್ಕನೆ ನಿಲ್ಲುತ್ತದೆ. ಹಿಂದಿನದು ಬಂದು ಗುದ್ದುತ್ತದೆ, ಕೋಲು ಹೊರಬರುತ್ತದೆ, ಕಿರುಚಾಟ ಏಳುತ್ತದೆ. ದೀಪವನ್ನು ಒಂದಡಿ ಸರಿಸಿದರೆ ಅದೇ ಹಂದಿ ತಾನಾಗಿ ಮುಂದೆ ನಡೆಯುತ್ತದೆ. ಕೋಲಿನ ಬಳಕೆ, ಜಾರಿ ಬೀಳುವುದು, ಕಿರುಚುವುದು ಇವನ್ನು ಎಣಿಸಿ ವಧಾಗಾರಕ್ಕೆ ಅಂಕ ಕೊಡುವ ಪದ್ಧತಿಯನ್ನೂ ಗ್ರಾಂಡಿನ್ ಬಳಕೆಗೆ ತಂದರು.

ಡೆನ್ಮಾರ್ಕ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ರೋಸ್ಕಿಲ್ಡೆಯಲ್ಲಿದ್ದ ಮಾಂಸ ಸಂಶೋಧನಾ ಸಂಸ್ಥೆಯಲ್ಲಿ ಪೆಟ್ರಿಶಿಯಾ ಬಾರ್ಟನ್ ಗೇಡ್ ಮತ್ತು ಸಂಗಡಿಗರ ಕೆಲಸದ ಬಲದಿಂದ, ಹಂದಿಗಳನ್ನು ಸಣ್ಣ ಗುಂಪುಗಳಲ್ಲೇ ತಂಗಿಸಿ, ಗುಂಪಾಗಿಯೇ ತಾನಾಗಿ ಸರಿಯುವ ಗೇಟಿನಿಂದ ಮುಂದೊಯ್ದು, ಗುಂಪಾಗಿಯೇ ಇಂಗಾಲದ ಡೈಆಕ್ಸೈಡ್ ತುಂಬಿದ ಕೋಣೆಗೆ ಇಳಿಸುವ ವ್ಯವಸ್ಥೆ 1990ರ ದಶಕದಲ್ಲಿ ಬಂತು. ಸಾಲೂ ಇಲ್ಲ, ಕೋಲೂ ಇಲ್ಲ. ಮಾಂಸದ ಗುಣ ಸುಧಾರಿಸಿದ್ದು ಮೇವು ಬದಲಿಸಿದ್ದರಿಂದಲ್ಲ, ಗೋಡೆ ಬದಲಿಸಿದ್ದರಿಂದ.

ಆದರೆ ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಶೇ. 80ರ ಮೇಲಿನ ಇಂಗಾಲದ ಡೈಆಕ್ಸೈಡ್ ಮೂಗು, ಗಂಟಲಿನ ಒಳಪದರಕ್ಕೆ ಉರಿ ತರುತ್ತದೆ. ಪ್ರಜ್ಞೆ ಹೋಗುವ ಮುಂಚಿನ ಕೆಲವು ಸೆಕೆಂಡು ಹಂದಿ ಉಸಿರಿಗಾಗಿ ಬಾಯಿ ತೆರೆಯುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ವರದಿಯಲ್ಲಿ ಇದನ್ನು ಪ್ರಾಣಿಕ್ಷೇಮದ ಗಂಭೀರ ಸಮಸ್ಯೆಯೆಂದು ಕರೆದಿದೆ. ಅಂದರೆ ಮಾಂಸ ಚೆನ್ನಾಗಿ ಬಂದ ಮಾತ್ರಕ್ಕೆ ಪ್ರಾಣಿ ನೋಯಲಿಲ್ಲ ಎಂದು ಹೇಳಲಾಗದು. ಪಿಎಚ್ ಮಾಪಕ ಗಾಬರಿಯ ಒಂದು ಭಾಗವನ್ನು ಮಾತ್ರ ತೋರಿಸುತ್ತದೆ. ಪ್ರಾಣಿಯನ್ನು ನೋಯಿಸದಿರುವುದಕ್ಕೆ ಮಾಂಸದ ಗುಣವೊಂದೇ ಆಧಾರವಾದರೆ, ಮಾಂಸ ಕೆಡದಂಥ ನೋವುಗಳೆಲ್ಲ ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ನೋವು ತಪ್ಪಿಸುವುದು ತನ್ನಷ್ಟಕ್ಕೇ ಕರ್ತವ್ಯ. ಒಳ್ಳೆಯ ಮಾಂಸ ಅದರ ಜೊತೆಗೆ ಬರುವ ಫಲ.

ಇಷ್ಟೆಲ್ಲ ತಿಳಿದಿದ್ದರೂ ಪೂರಕಗಳತ್ತಲೇ ಕಣ್ಣು ಹೋಗುವುದೇಕೆ? ಹಣದ ಹರಿವು ನೋಡಿದರೆ ಉತ್ತರ ಸಿಗುತ್ತದೆ. ಸಾಕಣೆದಾರನಿಗೆ ಹಣ ಸಿಗುವುದು ತೂಕಕ್ಕೆ, ತೆಳು ಕೊಬ್ಬಿಗೆ. ಮಾಂಸ ನೀರು ಬಿಡುವುದು ಮರುದಿನ, ಇನ್ನೊಬ್ಬರ ಅಂಗಡಿಯಲ್ಲಿ. ಲಾರಿ ಚಾಲಕನಿಗೆ ಸಂಬಳ ಬೇಗ ಮುಟ್ಟಿಸಿದ್ದಕ್ಕೆ, ಓಣಿಯ ಕೆಲಸಗಾರನಿಗೆ ಗಂಟೆಗೆ ಇಷ್ಟು ಹಂದಿ ದಾಟಿಸಿದ್ದಕ್ಕೆ. ನಷ್ಟ ಮಾಡುವವರಿಗೂ ನಷ್ಟ ಅನುಭವಿಸುವವರಿಗೂ ನಡುವೆ ಮೂರು ನಾಲ್ಕು ಕೈ ದಾಟಿರುತ್ತದೆ. ಇಂಥಲ್ಲಿ ಸಾಕಣೆದಾರನಿಗೆ ಪೂರಕದ ಚೀಲ ಮಾರುವುದು ಸುಲಭ. ಓಣಿ ಒಡೆದು ಕಟ್ಟಿಸುವುದು, ಚಾಲಕನಿಗೆ ತರಬೇತಿ ಕೊಡುವುದು, ಸಾಲಿನ ವೇಗ ತಗ್ಗಿಸುವುದು ಕಷ್ಟ. ಕೋಲು ಹಿಡಿದ ಕೆಲಸಗಾರನನ್ನು ಕ್ರೂರಿ ಎನ್ನುವ ಮೊದಲು ಅವನ ಹಿಂದೆ ಓಡುತ್ತಿರುವ ಗಡಿಯಾರವನ್ನು ನೋಡಬೇಕು.

ಭಾರತದ ಚಿತ್ರ ಬೇರೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಹಂದಿಗಳು ಸುಮಾರು 90.6 ಲಕ್ಷ, ಅತಿ ಹೆಚ್ಚು ಅಸ್ಸಾಮಿನಲ್ಲಿ. ಕರ್ನಾಟಕದಲ್ಲಿ ಹಂದಿಮಾಂಸಕ್ಕೆ ಗಟ್ಟಿ ಬೇಡಿಕೆಯಿರುವುದು ಕೊಡಗಿನಲ್ಲಿ, ಕರಾವಳಿಯ ಕ್ರೈಸ್ತ ಸಮುದಾಯದಲ್ಲಿ, ಈಗ ಬೆಂಗಳೂರಿನಲ್ಲಿ. ಬಹುಪಾಲು ಮಾಂಸ ಬೆಳಿಗ್ಗೆ ಕಡಿದು ಅಂದೇ ಮಾರಾಟವಾಗುತ್ತದೆ. ಅಂದರೆ ಆಮ್ಲ ಏರುವುದು ಮುಗಿಯುವ ಮೊದಲೇ ತುಂಡು ಗ್ರಾಹಕನ ಚೀಲ ಸೇರಿರುತ್ತದೆ, ಸೋರುವ ನೀರು ಅಂಗಡಿಯಲ್ಲಿ ಕಾಣುವುದಿಲ್ಲ. ಕಾಚಂಪುಳಿ ಹಾಕಿ ನಿಧಾನ ಉರಿಯಲ್ಲಿ ಬೇಯುವ ಪಂದಿ ಕರಿಯಲ್ಲಿ ಬಿಳಿಚಿದ ಮಾಂಸದ ದೋಷ ಒಂದಷ್ಟು ಮರೆಯಾಗುತ್ತದೆ. ತೂಕದಲ್ಲಾದ ನಷ್ಟ ಮಾತ್ರ ಪಾತ್ರೆಯಲ್ಲಿ ಉಳಿದೇ ಉಳಿಯುತ್ತದೆ. ಶೀತಲೀಕರಿಸಿ ಪೊಟ್ಟಣ ಕಟ್ಟಿ ಮಾರುವುದು ಹೆಚ್ಚಿದಂತೆ ಈವರೆಗೆ ಕಾಣದ ನೀರು ಪೊಟ್ಟಣದ ತಳದಲ್ಲಿ ಕಾಣತೊಡಗುತ್ತದೆ.

ಸಣ್ಣ ಸಾಕಣೆದಾರರಲ್ಲಿ ಅನೇಕರು ಹೋಟೆಲಿನ ಉಳಿಕೆ, ಅಡುಗೆಮನೆಯ ಮುಸುರೆ, ತೌಡು ಹಾಕಿ ಹಂದಿ ಬೆಳೆಸುತ್ತಾರೆ. ಅಂಥ ಮೇವಿನಲ್ಲಿ ಐದು ದಿನ ಇಷ್ಟೇ ಗ್ರಾಂ ಮೆಗ್ನೀಸಿಯಂ ಎಂದು ಅಳೆದು ಕೊಡುವುದು ಕಾಗದದ ಮೇಲಿನ ಮಾತು. ಉಳಿಕೆಯಲ್ಲಿ ಕರಿದ ಎಣ್ಣೆಯ ಅಂಶ ಹೆಚ್ಚಿದ್ದರೆ ಹಂದಿಯ ಕೊಬ್ಬು ಮೆತ್ತಗಾಗಿ ಬೇಗ ಕಮಟುತ್ತದೆ. ಆ ಒಂದು ಕಡೆ ವಿಟಮಿನ್ ಇಗೆ ಇಲ್ಲೂ ನಿಜವಾದ ಕೆಲಸವಿದೆ. ಉಳಿದಂತೆ ಇಲ್ಲಿನ ದೊಡ್ಡ ದೋಷ ಸಾಗಣೆ. ನಾಲ್ಕು ಕಾಲು ಕಟ್ಟಿ, ಗಳುವಿಗೆ ಸಿಕ್ಕಿಸಿ ಅಥವಾ ಬೈಕಿನ ಹಿಂದೆ ಬಿಗಿದು ಒಯ್ಯುವ ಹಂದಿ ದಾರಿಯುದ್ದಕ್ಕೂ ಒದ್ದಾಡುತ್ತದೆ. ಕಟ್ಟಿದ ಕಾಲಿನ ಸ್ನಾಯು ಸೆಟೆದು, ಮೈ ಕಾದು, ದಾಸ್ತಾನು ಕರಗಿ ಬಂದ ಆ ಪ್ರಾಣಿಯನ್ನು ಇಳಿಸಿದ ಕೂಡಲೇ ಕಡಿದರೆ ಒಳ್ಳೆಯ ಮಾಂಸ ಸಿಗುವ ದಾರಿಯೇ ಇಲ್ಲ. 2001ರ ವಧಾಗಾರ ನಿಯಮಗಳು ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ವಧಿಸಬಾರದೆನ್ನುತ್ತವೆ. ಪಶುವೈದ್ಯರೊಬ್ಬರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿ ಪರೀಕ್ಷಿಸಬಾರದೆನ್ನುತ್ತವೆ. ಅಲ್ಲಿ ಬರೆದದ್ದು ರಸ್ತೆಬದಿಯ ಕಡಿಯುವ ಜಾಗಕ್ಕೆ ತಲುಪಿಲ್ಲ.

ತಲುಪಿಸಲು ಬೇಕಾದ ಸಾಧನಗಳು ದುಬಾರಿಯಲ್ಲ. ಬಿಸಿಲೇರುವ ಮೊದಲು ಸಾಗಿಸುವುದು, ಕಾಲು ಕಟ್ಟದೆ ಅಡ್ಡಪಟ್ಟಿಯಿರುವ ಗಾಡಿಯಲ್ಲಿ ಒಂದು ಗೂಡಿನವನ್ನು ಒಟ್ಟಿಗೆ ಒಯ್ಯುವುದು, ನೆಲಕ್ಕೆ ಮರಳೋ ಹುಲ್ಲೋ ಹಾಸುವುದು, ಕೋಲಿನ ಬದಲು ಅಗಲ ಹಲಗೆ ಹಿಡಿದು ನಡೆಸುವುದು, ಇಳಿಸಿದ ಮೇಲೆ ನೀರು ಚಿಮುಕಿಸಿ ಎರಡು ಗಂಟೆ ನೆರಳಲ್ಲಿ ಬಿಡುವುದು. ಯಾರ್ಕ್‌ಷೈರ್, ಲ್ಯಾಂಡ್‌ರೇಸ್ ಗಂಡುಗಳನ್ನು ಹಂಚುವ ತಳಿ ಕೇಂದ್ರಗಳು ಅವುಗಳನ್ನು ಹ್ಯಾಲೋಥೇನ್ ವಂಶವಾಹಿಗೆ ಒಮ್ಮೆ ಪರೀಕ್ಷಿಸಿದರೆ ತಲೆಮಾರುಗಳ ತೊಂದರೆ ತಪ್ಪುತ್ತದೆ. ಇಷ್ಟಾದ ಮೇಲೂ ದೋಷ ಉಳಿದರೆ ಪೂರಕದ ಮಾತು ಎತ್ತಬಹುದು, ಅದೂ ಅಳೆದು ನೋಡಿ. ಕೊನೆಯ ಪಕ್ಕೆಲುಬಿನ ಬಳಿ ಬೆನ್ನಿನ ಸ್ನಾಯುವಿಗೆ ಪಿಎಚ್ ಮಾಪಕದ ಮುಳ್ಳು ಚುಚ್ಚಿ, ವಧೆಯಾದ 45 ನಿಮಿಷದ ಹೊತ್ತಿಗೆ ಒಮ್ಮೆ, ಮರುದಿನ ಇನ್ನೊಮ್ಮೆ ಓದಬೇಕು. ಮೊದಲ ಓದು 6ಕ್ಕಿಂತ ಕೆಳಗಿದ್ದರೆ ತಳಿಯನ್ನೂ ಕೊನೆಯ ನಿಮಿಷಗಳನ್ನೂ ನೋಡಬೇಕು. ಎರಡನೆಯ ಓದು 6ಕ್ಕಿಂತ ಮೇಲಿದ್ದರೆ ಹಿಂದಿನ ರಾತ್ರಿಯ ಹಸಿವನ್ನೂ ದಾರಿಯನ್ನೂ ನೋಡಬೇಕು.